ಒಂದು ಗೇಣು, ನಾಲ್ಕು ಬೆರಳು

ಕೊನೆಯಲ್ಲಿ ‘ಗೆರೆ’ ಅಂತ ಬರುತ್ತದೆ, ಅಷ್ಟು ಗೊತ್ತು. ಅದರ ಮುಂಚೆ ಏನು ಬರುತ್ತಿತ್ತು ಎಂಬುದು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕುಳಿತುಬಿಡುತ್ತದೆ. ಕಂಡಿಗೆರೆಯೋ? ಅಲ್ಲ. ಬಿಡುಗೆರೆಯೋ? ಅದೂ ಅಲ್ಲ, ಆದರೆ ಹತ್ತಿರ. ಎರಡೇ ಅಕ್ಷರ. ಮೊದಲನೆಯದನ್ನು ಹೇಳುವಾಗ ತುಟಿ ತುಟಿಗೆ ತಾಗುತ್ತಿತ್ತು. ಇಲ್ಲಿ ಯಾರನ್ನು ಕೇಳಲಿ? ಈ ಊರಿನವರ ಮಾತಿನಲ್ಲಿ ಅಂಥ ವಸ್ತುವೇ ಇಲ್ಲ. ಹುಟ್ಟಿದ ಊರಿನಿಂದ ಏಳು ಹೊಳೆ ದಾಟಿ ಇಲ್ಲಿಗೆ ಬಂದೆ. ಹೊಳೆಗೊಂದರಂತೆ ಮಾತುಗಳು ಜಾರಿ ನೀರಿಗೆ ಬಿದ್ದವೆಂದು ಕಾಣುತ್ತದೆ.

ಮಾತು ಹೋದರೂ ಅದರ ಹಿಂದಿನ ಸಂಗತಿ ಹೋಗಿಲ್ಲ. ಅದನ್ನು ಹೇಳುತ್ತೇನೆ. ಅದು ನಡೆದ ದಿನ ನಾನು ಅಲ್ಲಿದ್ದೆ. ನೋಡಲಿಲ್ಲ, ಬರೀ ಕೇಳಿಸಿಕೊಂಡೆ. ಅಲ್ಲಿದ್ದೂ ಹೇಗೆ ನೋಡಲಿಲ್ಲ ಎಂಬುದು ಹೇಳುತ್ತ ಹೋದಂತೆ ತಿಳಿಯುತ್ತದೆ.

ಆ ಊರಿನ ಸುತ್ತ ಒಂದು ಮಣ್ಣಿನ ಗೋಡೆ. ಗೋಡೆಗೆ ಸುಣ್ಣ. ಗೋಡೆಗೆ ಒಂದೇ ಬಾಗಿಲು. ಮುಚ್ಚಿದಾಗ ಅದೂ ಗೋಡೆಯೇ. ವರ್ಷದ ಕೊನೆಯ ದಿನ ಊರಿಗೆ ಊರೇ ಗೋಡೆಯ ಒಳಮೈಗೆ, ಹುಣಸೆಮರದ ಎದುರಿಗೆ, ಬಂದು ನಿಲ್ಲುತ್ತಿತ್ತು. ಬೋಗುಣಿಯಲ್ಲಿ ಕೆಮ್ಮಣ್ಣು. ಬೋಗುಣಿಯಲ್ಲಿ ಒಂದೇ ಒಂದು ನಾರಿನ ಕುಂಚ. ಆ ಕುಂಚ ಊರಿನ ಎಲ್ಲರಿಗಿಂತ ಚಿಕ್ಕ ಕೈಯಿಂದ ಹೊರಟು, ಅದಕ್ಕಿಂತ ದೊಡ್ಡ ಕೈಗೆ, ಅದಕ್ಕಿಂತ ದೊಡ್ಡ ಕೈಗೆ ದಾಟುತ್ತ ದಾಟುತ್ತ, ಎಲ್ಲರಿಗಿಂತ ಮುದಿಯಾದ ಕೈಯಲ್ಲಿ ನಿಲ್ಲುತ್ತಿತ್ತು. ಒಬ್ಬೊಬ್ಬರಿಗೆ ಒಂದು ಗೇಣು, ಅವರವರ ಕೈಯ ಗೇಣು. ಹಿಂದಿನವರು ಬಿಟ್ಟಲ್ಲಿಂದ ಹಿಡಿದು, ಒಂದು ಗೇಣು ಎಳೆದು, ಮುಂದಿನವರಿಗೆ ಕುಂಚ ಕೊಡಬೇಕು. ಅಷ್ಟು ಗೇಣುಗಳು ಅಷ್ಟು ಗೋಡೆಗೆ ಹೇಗೆ ಸಾಲುತ್ತಿದ್ದವು ಎಂದು ಕೇಳಬೇಡಿ. ಸಾಲುತ್ತಿದ್ದವು.

ಊರಿನ ಕಟ್ಟಳೆ ಇಷ್ಟೇ. ಗೆರೆ ಊರು ಸುತ್ತಿ ಬಂದು ತಾನು ಹೊರಟ ಜಾಗವನ್ನು ಕೂಡಿದರೆ ವರ್ಷ ತಿರುಗುತ್ತದೆ. ಕೂಡದಿದ್ದರೆ ತಿರುಗುವುದಿಲ್ಲ. ಒಂದು ವರ್ಷದಲ್ಲಿ ಒಬ್ಬರಿಗೆ ಒಂದೇ ಗೇಣು. ಎರಡನೆಯದನ್ನು ಗೋಡೆ ಹಿಡಿದುಕೊಳ್ಳುವುದಿಲ್ಲ.

ದೂರ ನಿಂತು ನೋಡಿದರೆ ಆ ಗೆರೆ ಒಂದು ಗುಡ್ಡದ ಹಾಗೆ ಕಾಣುತ್ತಿತ್ತು. ಯಾರಿಗೆ ಎಲ್ಲಿ ಕೈ ಬರುತ್ತದೋ ಅಲ್ಲಿ ಬರೆಯುವವರು. ಮಗುವಿನ ಎದೆಯ ಎತ್ತರದಲ್ಲಿ ಹೊರಟ ಗೆರೆ ಹುಡುಗರ ಜೊತೆ ಏರುತ್ತ, ಹರೆಯದವರ ಜೊತೆ ಇನ್ನೂ ಏರುತ್ತ, ಊರಿನ ಆಚೆ ಮಗ್ಗುಲಲ್ಲಿ ಗಟ್ಟಿಮುಟ್ಟಾದವರ ಎದೆಯನ್ನು ಮುಟ್ಟಿ, ಅಲ್ಲಿಂದ ಬಾಗಿದ ಬೆನ್ನುಗಳ ಜೊತೆ ಇಳಿಯುತ್ತ ಬರುತ್ತಿತ್ತು. ಕೊನೆಯ ಅಜ್ಜಿ ನೆಲದ ಮೇಲೆ ಕುಳಿತೇ ಬರೆಯುವವಳು. ಕುಳಿತ ಅಜ್ಜಿಯ ಕೈ, ನಿಂತ ಮಗುವಿನ ಕೈ, ಎರಡೂ ಒಂದೇ ಎತ್ತರ. ಗೆರೆ ಕೂಡುತ್ತಿದ್ದದ್ದು ಹಾಗೆ. ಯಾರೂ ಯೋಚಿಸಿ ಮಾಡಿದ್ದಲ್ಲ, ಆದ್ದರಿಂದ ಯಾರಿಗೂ ಅದು ಗೊತ್ತಿರಲಿಲ್ಲ.

ಆ ಒಂದು ಗೇಣನ್ನು ಊರಿನವರು ವರ್ಷವಿಡೀ ಕಲಿಯುತ್ತಿದ್ದರು. ಹುಣಸೆಮರದ ಪಕ್ಕದಲ್ಲಿ ಉದ್ದನೆಯ ಜಗಲಿ. ಜಗಲಿಯ ಮೇಲೆ ಬೂದಿ ಹರಡಿರುತ್ತಿತ್ತು, ಬೆರಳಿನಲ್ಲಿ ಬರೆದು ಅಳಿಸಲು. ಮೂರು ವರ್ಷದವರೂ ಅಲ್ಲೇ, ಮೂವತ್ತರವರೂ ಅಲ್ಲೇ, ತೊಂಬತ್ತರವರೂ ಅಲ್ಲೇ. ಗೆರೆ ಕಲಿಸುವವರು ಜಗಲಿಯ ತುದಿಯಲ್ಲಿ ನಿಂತು ಬಂದವರಿಗೆಲ್ಲ ಮೂರು ಮಾತು ಹೇಳುತ್ತಿದ್ದರು.

“ಬಾಯಿ ತೆರೆ. ಕೈ ಚಾಚು. ಕೂತ್ಕೋ.”

ಬಾಯಿ ನೋಡಿ ಸಾಲು ಹೇಳುವುದು. ಹಾಲುಹಲ್ಲಿನವರಿಗೆ ಮುಂದಿನ ಸಾಲು. ಗಟ್ಟಿಹಲ್ಲಿನವರಿಗೆ ನಡುವಿನ ಸಾಲು. ಹಲ್ಲು ಬಿದ್ದವರಿಗೆ ಗೋಡೆಗೆ ಒರಗಿಕೊಳ್ಳುವ ಹಿಂದಿನ ಸಾಲು, ಅದಕ್ಕೆ ಬೊಚ್ಚುಬಾಯಿ ಸಾಲು ಎಂದೇ ಹೆಸರು. ವಯಸ್ಸು ಕೇಳುವ ಪದ್ಧತಿ ಇರಲಿಲ್ಲ. ವಯಸ್ಸು ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಬಾಯಿ ತೆರೆದರೆ ಹೇಳಲಾರರು.

ಹಾಗೆ ಕಲಿಸುತ್ತಿದ್ದ ಹಳೆಯ ಗೆರೆಯಪ್ಪ ಇದ್ದಾಗ ಮೂರು ಸಾಲಿಗೆ ಮೂರು ಪಾಠ. ಹಾಲುಹಲ್ಲಿನವರ ಮುಂದೆ ಕೆಮ್ಮಣ್ಣು ಇಟ್ಟು ಬೆನ್ನು ತಿರುಗಿಸಿ ಕುಳಿತುಬಿಡುತ್ತಿದ್ದ. “ನಾನು ನೋಡಿದ್ರೆ ಕೆಡತ್ತೆ” ಎನ್ನುತ್ತಿದ್ದ. ಗಟ್ಟಿಹಲ್ಲಿನವರ ಮುಂದೆ ಒಂದು ನುಗ್ಗೆಕಾಯಿಯನ್ನೋ ಮೇಕೆಯನ್ನೋ ತಂದು ನಿಲ್ಲಿಸಿ, ಅವರು ಬರೆದಾದ ಮೇಲೆ ಬೆನ್ನ ಹಿಂದೆ ಬಗ್ಗಿ ಕೇಳುತ್ತಿದ್ದ: “ಇದ್ದದ್ದನ್ನ ಬರೆದೆಯೋ, ಅಂದುಕೊಂಡಿದ್ದನ್ನ ಬರೆದೆಯೋ?” ಬೊಚ್ಚುಬಾಯಿ ಸಾಲಿಗೆ ಏನನ್ನೂ ತೋರಿಸುತ್ತಿರಲಿಲ್ಲ. ಅವರ ಎದುರಿಗೆ ಕುಳಿತು, “ಇಲ್ಲದ್ದನ್ನ ಬರೀರಿ” ಎನ್ನುತ್ತಿದ್ದ. ಅವರು ಎಂದೋ ಸತ್ತ ಹಸುವನ್ನು, ಮುಚ್ಚಿಹೋದ ಬಾವಿಯನ್ನು, ಬಿದ್ದುಹೋದ ಮನೆಯ ಹೊಸ್ತಿಲನ್ನು ಬೂದಿಯಲ್ಲಿ ಬರೆಯುತ್ತಿದ್ದರು. ಅವನು ಕೈಕಟ್ಟಿ ನೋಡುತ್ತಿದ್ದ.

ನಡುವಿನ ಸಾಲಿನವರಿಗೆ ಇದು ಸರಿಬರುತ್ತಿರಲಿಲ್ಲ. “ಅವರು ಗೀಚಿದ್ರೂ ಸುಮ್ನೆ ಇರ್ತೀಯ, ನಾವು ಮೇಕೆ ಕಿವಿ ಒಂದೆಳೆ ತಪ್ಪಿದ್ರೆ ಕೇಳ್ತೀಯ” ಎಂದು ಊರಿನ ಯಜಮಾನನೇ ಒಮ್ಮೆ ಗೊಣಗಿದ್ದ.

“ನಿನಗೆ ಹಲ್ಲಿದೆಯಲ್ಲಪ್ಪ” ಎಂದಿದ್ದ ಗೆರೆಯಪ್ಪ. “ಕಡಿಯೋದನ್ನ ಕೊಡ್ತೀನಿ.”

ಗೆರೆಯಪ್ಪ ಒಂದು ವರ್ಷ ತನ್ನ ಗೇಣು ಬರೆದು, ವರ್ಷ ತಿರುಗಿದ ಮರುದಿನ ಹೋಗಿಬಿಟ್ಟ. ಊರಿಗೆ ಗೆರೆ ಕಲಿಸುವವರಿಲ್ಲವಾಯಿತು. ಆಗ ಹೊರಗಿನಿಂದ ಒಬ್ಬಳು ಬಂದಳು. ಅವಳ ಕಂಕುಳಲ್ಲಿ ಒಂದು ದಾರದ ಉಂಡೆ.

ಅವಳು ಕೆಟ್ಟವಳಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅವಳಂಥ ಕೈ ಆ ಊರು ಕಂಡಿರಲಿಲ್ಲ. ಜಗಲಿಯ ಬೂದಿಯಲ್ಲಿ ಅವಳು ಬೆರಳಾಡಿಸಿದರೆ ಇರುವೆಗಳು ಆ ಗೆರೆ ಹಿಡಿದು ಸಾಲಾಗಿ ನಡೆಯುತ್ತಿದ್ದವು. ಊರಿನವರು ಅವಳನ್ನು ಗೆರೆಯಮ್ಮ ಎಂದು ಕರೆದರು. ಅವಳು ಗೋಡೆಯನ್ನು ಸುತ್ತಿ ಬಂದಳು, ಸುಣ್ಣದ ಅಡಿಯಲ್ಲಿ ಮಬ್ಬಾಗಿ ಕಾಣುವ ಹಳೆಯ ವರ್ಷಗಳ ಗೆರೆಗಳನ್ನು ನೋಡಿದಳು, ನಕ್ಕಳು.

“ಇದು ಗೆರೆಯೋ, ಕುಡಿದವನ ನಡಿಗೆಯೋ?”

ಯಜಮಾನನಿಗೆ ನಾಚಿಕೆಯಾಯಿತು. “ನೀವೇ ಸರಿಮಾಡಬೇಕಮ್ಮ” ಎಂದ.

“ಗೆರೆ ಒಂದೇ ಅಲ್ಲವೇ?” ಎಂದು ಕೇಳಿದಳು ಗೆರೆಯಮ್ಮ. ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. “ಒಂದು ಗೆರೆಗೆ ಮೂರು ಪಾಠ ಯಾಕೆ?”

ಯಾರಿಗೂ ಉತ್ತರ ಹೊಳೆಯಲಿಲ್ಲ. ಹೊಳೆದವರು ಹಿಂದಿನ ಸಾಲಿನಲ್ಲಿದ್ದರು, ಅವರನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಜಗಲಿಯ ಈ ತುದಿಯಿಂದ ಆ ತುದಿಗೆ ದಾರ ಬಿಗಿದು ಕಟ್ಟಿದರು. ಎಲ್ಲರಿಗೂ ಒಂದೇ ಪಾಠ: ದಾರದ ಪಕ್ಕದಲ್ಲಿ ಕೈ ಹೋಗಬೇಕು. ಬಾಯಿ ತೆರೆ, ಕೈ ಚಾಚು, ಕೂತ್ಕೋ ಎನ್ನುವುದೇನೋ ಉಳಿಯಿತು, ಆದರೆ ಬಾಯಿ ನೋಡುವುದು ನಿಂತಿತು. ಎಲ್ಲಿ ಕುಳಿತರೂ ಎದುರಿಗೆ ದಾರವೇ.

ಆಗ ಒಬ್ಬ ಹುಡುಗಿಗೆ ಮುಂದಿನ ಹಾಲುಹಲ್ಲು ಅಲ್ಲಾಡುತ್ತಿತ್ತು. ಎರಡು ಸಾಲಿನ ನಡುವೆ ನಿಂತು ಅವಳು ಗೆರೆಯಮ್ಮನಿಗೆ ಬಾಯಿ ತೆರೆದು ತೋರಿಸಿದಳು. “ಗೆರೆಯಮ್ಮಾ, ಇದು ಬಿದ್ದ ಮೇಲೆ ಆ ಸಾಲೋ, ಬೀಳೋಕ್ಕಿಂತ ಮುಂಚೇನೋ? ಈಗ ನಾನು ಎಲ್ಲಿ?”

“ಎಲ್ಲಾದ್ರೂ ಕೂತ್ಕೊಳ್ಳಮ್ಮ. ಎಲ್ಲಾ ಒಂದೇ.”

ಹುಡುಗಿ ಅಲ್ಲೇ, ಎರಡು ಸಾಲಿನ ನಡುವೆ ಕುಳಿತಳು. ನಾಲಿಗೆಯಿಂದ ಹಲ್ಲನ್ನು ತಳ್ಳುತ್ತ ದಾರವನ್ನು ನೋಡುತ್ತಿದ್ದಳು.

ಬೊಚ್ಚುಬಾಯಿ ಸಾಲಿನ ಎಲ್ಲರಿಗಿಂತ ಹಿರಿಯ ಅಜ್ಜಿ ತನ್ನ ಗೆರೆಯನ್ನು ತೋರಿಸಿದಳು. “ಕೈ ನಡುಗತ್ತೆ ತಾಯಿ. ದಾರ ನನ್ನ ಮಾತು ಕೇಳಲ್ಲ.”

“ನಡುಗಿದ್ರೆ ಇನ್ನೊಂದು ಸಲ ಬರೀರಿ ಅಜ್ಜಿ.”

“ಇನ್ನೊಂದು ಸಲ ಬರೆದ್ರೆ ಇನ್ನೊಂದು ಸಲ ನಡುಗತ್ತೆ.”

“ಆಮೇಲೆ ಇನ್ನೊಂದು ಸಲ” ಎಂದಳು ಗೆರೆಯಮ್ಮ, ತುಂಬ ತಾಳ್ಮೆಯಿಂದ. ವರ್ಷ ಮುಗಿಯುವ ಹೊತ್ತಿಗೆ ಅಜ್ಜಿಯ ಕೈಯೂ ದಾರಕ್ಕೆ ಒಗ್ಗಿತು. ಹಾಲುಹಲ್ಲಿನ ಕೈಗಳೂ ಒಗ್ಗಿದವು. ಸತ್ತ ಹಸು, ಮುಚ್ಚಿದ ಬಾವಿ, ಮೇಕೆಯ ಕಿವಿ ಯಾವುದೂ ಆ ಜಗಲಿಗೆ ಮತ್ತೆ ಬರಲಿಲ್ಲ. ಎಲ್ಲರ ಗೆರೆಯೂ ಒಂದೇ ಹಾಗಿತ್ತು, ಯಾರದು ಯಾವುದೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಊರಿನವರಿಗೆ ಹೆಮ್ಮೆಯಾಯಿತು.

ವರ್ಷದ ಕೊನೆಯ ದಿನ ಬಂತು. ಗೆರೆಯಮ್ಮ ಗೋಡೆಯ ಸುತ್ತ ದಾರ ಬಿಗಿದಳು, ಎಲ್ಲರಿಗೂ ಒಂದೇ ಎತ್ತರದಲ್ಲಿ. ಗಿಡ್ಡವರಿಗೆ ಮಣೆ ಹಾಕಿಸಿದಳು. ಎತ್ತರದವರು ಮಂಡಿಯೂರಬೇಕು. ಬಾಗಿದವರನ್ನು ಮಣೆಗಳ ಮೇಲೆ ಕೂರಿಸಬೇಕು.

ಎಲ್ಲರಿಗಿಂತ ಚಿಕ್ಕವನನ್ನು ಮಣೆಯ ಮೇಲೆ ನಿಲ್ಲಿಸಿದರು. ಅವನು ಇಳಿದ. ಮತ್ತೆ ನಿಲ್ಲಿಸಿದರು. ಅವನು ಮತ್ತೆ ಇಳಿದು, ಮಣೆಯನ್ನು ಕಾಲಿನಿಂದ ಒದ್ದು, ತಾನು ನಿಂತಲ್ಲೇ ಕುಂಚ ಅದ್ದಿ ಗೋಡೆಗೆ ಒಂದು ಪುಟ್ಟ ಗೇಣು ಎಳೆದುಬಿಟ್ಟ. ದಾರ ಅವನ ತಲೆಯ ಮೇಲೆ ಎಲ್ಲೋ ಇತ್ತು. ಜನ ನಕ್ಕರು. ಗೆರೆಯಮ್ಮನೂ ನಕ್ಕಳು. “ಹೋಗಲಿ, ಮೊದಲನೇದು ತಾನೇ” ಎಂದಳು. ಅವನ ನಂತರದ ಎರಡು ಮೂರು ಮಕ್ಕಳು ಅವನು ಬಿಟ್ಟಲ್ಲಿಂದ ಗೆರೆಯನ್ನು ಚಕಚಕನೆ ಮೇಲೆತ್ತಿ ದಾರಕ್ಕೆ ತಂದವು. ಅಲ್ಲಿಂದ ಮುಂದೆ ಗೆರೆ ಎಲ್ಲೂ ಏರಲಿಲ್ಲ, ಎಲ್ಲೂ ಇಳಿಯಲಿಲ್ಲ. ನಿಂತ ನೀರಿನ ಅಂಚಿನ ಹಾಗೆ ಊರು ಸುತ್ತಿತು. ತುಂಬಿದ ಬಸುರಿ ಒಬ್ಬಳು ಸೊಂಟಕ್ಕೆ ಕೈಕೊಟ್ಟುಕೊಂಡು ಮಂಡಿಯೂರಿ ತನ್ನ ಗೇಣು ಬರೆದಳು. ವರ್ಷ ತಿರುಗಿದ ಕೂಡಲೇ ಅವಳ ದಿನ ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಹಿರಿಯ ಅಜ್ಜಿಯನ್ನು ಮೂರು ಮಣೆ ಪೇರಿಸಿ ಕೂರಿಸಿದರು. ಅವಳು ದಾರದ ಪಕ್ಕದಲ್ಲಿ, ನಡುಗದೆ, ತನ್ನ ಗೇಣನ್ನು ಎಳೆದು ಕುಂಚ ಕೆಳಗಿಟ್ಟಳು.

ಮೊದಲನೆಯ ಗೆರೆ ಕೆಳಗೆ. ಕೊನೆಯ ಗೆರೆ ಮೇಲೆ. ನಡುವೆ ಬಿಳಿ ಸುಣ್ಣ.

ಯಜಮಾನ ಕೈಯಿಟ್ಟು ಅಳೆದ. “ಒಂದು ಗೇಣು” ಎಂದ. ಬೆರಳು ಮಡಿಸಿ ಇನ್ನೊಮ್ಮೆ ಅಳೆದ. “ಒಂದು ಗೇಣು, ನಾಲ್ಕು ಬೆರಳು.”

ಊರಿನವರೆಲ್ಲರ ಗೇಣು ಮುಗಿದಿತ್ತು. ಯಜಮಾನ ತಾನೇ ಕುಂಚ ತೆಗೆದುಕೊಂಡು ಅಜ್ಜಿ ಬಿಟ್ಟಲ್ಲಿಂದ ಕೆಳಗೆ ಎಳೆದ. ಕೆಮ್ಮಣ್ಣು ಅಲ್ಲಿಗಲ್ಲೇ ಒಣಗಿ, ಹಿಟ್ಟಿನ ಹಾಗೆ ಉದುರಿ, ಅವನ ಕಾಲ ಮೇಲೆ ಬಿತ್ತು. ಗೋಡೆ ಬೆಳ್ಳಗೆ ನಿಂತಿತು.

ವರ್ಷ ತಿರುಗಲಿಲ್ಲ.

ಮರುದಿನವೂ ವರ್ಷದ ಕೊನೆಯ ದಿನವೇ ಆಗಿತ್ತು. ಅದರ ಮರುದಿನವೂ. ಹುಣಸೆಯ ಚಿಗುರು ಚಿಗುರಾಗಿಯೇ ಇತ್ತು. ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಇತ್ತು. ಅಲ್ಲಾಡುವ ಹಲ್ಲಿನ ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹಲ್ಲನ್ನು ತಳ್ಳುತ್ತಿದ್ದಳು, ಹಲ್ಲು ಅಲ್ಲಾಡುತ್ತಿತ್ತೇ ಹೊರತು ಬೀಳುತ್ತಿರಲಿಲ್ಲ. ಮೊದಮೊದಲು ಕೆಲವರಿಗೆ ಖುಷಿಯೇ ಆಯಿತು. “ವಯಸ್ಸಾಗೋದು ನಿಂತಿತು ಬಿಡಿ” ಎಂದು ನಡುವಿನ ಸಾಲಿನ ಒಬ್ಬ ಮೀಸೆ ತಿರುವಿದ.

ಆದರೆ ಬಸುರಿ ಇದ್ದಳಲ್ಲ. ಒಂಬತ್ತು ತುಂಬಿ, ಒಂಬತ್ತರಲ್ಲೇ ನಿಂತಳು. ಮಗು ಒಳಗೇ ಇತ್ತು. ಹೊರಗೆ ಬರಲು ನಾಳೆ ಬೇಕು, ನಾಳೆ ಇರಲಿಲ್ಲ. ಬೆಳಿಗ್ಗೆ ಎದ್ದು ಅವಳು ಜಗಲಿಗೆ ಬಂದು ಕಂಬಕ್ಕೆ ಒರಗುವಳು. ಹಿರಿಯ ಅಜ್ಜಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಒದೆತ ಎಣಿಸುವಳು. ಮೊದಲ ದಿನ ಹತ್ತು. ಆಮೇಲೆ ಒಂಬತ್ತು. ಆಮೇಲೆ ಏಳು.

“ಇದು ಹೀಗೇ ಇಳೀತಾ ಹೋದ್ರೆ?” ಎಂದಳು ಬಸುರಿ.

ಅಜ್ಜಿ ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ಕೈ ತೆಗೆಯಲಿಲ್ಲ.

ಒದೆತ ಮೂರಕ್ಕೆ ಬಂದ ದಿನ ಗೆರೆಯಮ್ಮ ದಾರವನ್ನು ಬಿಚ್ಚಿ ಉಂಡೆ ಕಟ್ಟಿದಳು. “ನಾನು ಹೋಗ್ತೀನಿ” ಎಂದಳು. “ತಪ್ಪು ನನ್ನದು. ಯಾವುದು ತಪ್ಪು ಅಂತ ಮಾತ್ರ ಗೊತ್ತಾಗ್ತಿಲ್ಲ. ಗೆರೆಯಲ್ಲಿ ಒಂದು ಕೊಂಕಿಲ್ಲ, ನೋಡಿ.”

“ಬಾಗಿಲು ತೆರೆಯೋಕೆ ನಾಳೆ ಆಗಬೇಕಲ್ಲಮ್ಮ” ಎಂದ ಯಜಮಾನ. “ಇವತ್ತು ಬಾಗಿಲೂ ಗೋಡೆಯೇ.”

ಆಗ ಎರಡು ಸಾಲಿನ ನಡುವೆ ಕುಳಿತಿದ್ದ ಹುಡುಗಿ ಬಾಯಿಂದ ಬೆರಳು ತೆಗೆದಳು.

“ಗೆರೆಯಮ್ಮಾ, ನಿಮ್ಮ ಗೇಣು ಎಲ್ಲಿ?”

ಹಳೆಯ ಗೆರೆಯಪ್ಪ ಪ್ರತಿವರ್ಷ ತನ್ನ ವಯಸ್ಸಿನವರ ನಡುವೆ ನಿಂತು ತನ್ನ ಗೇಣು ಬರೆಯುತ್ತಿದ್ದ. ಅದು ಎಷ್ಟು ಸಾಧಾರಣವಾಗಿರುತ್ತಿತ್ತೆಂದರೆ ಅವನು ಬರೆದನೆಂಬುದೇ ಯಾರಿಗೂ ನೆನಪಿರಲಿಲ್ಲ.

“ನಾನು ಬರೀಲಿಲ್ಲ” ಎಂದಳು ಗೆರೆಯಮ್ಮ. ಆಮೇಲೆ ನಿಜ ಹೇಳಿದಳು. “ನಾನು ಬರೆದ್ರೆ ನಿಮ್ಮದೆಲ್ಲ ಮಂಕಾಗಿ ಕಾಣುತ್ತೆ ಅಂದ್ಕೊಂಡೆ.”

ಬೊಚ್ಚುಬಾಯಿ ಸಾಲು ಕಿಸಕ್ಕನೆ ನಕ್ಕಿತು. “ನಮ್ಮ ಮುಖ ನೋಡು ತಾಯಿ, ಮಂಕಾಗೋಕೆ ಏನುಳಿದಿದೆ” ಎಂದಳು ಅಜ್ಜಿ.

ಹುಡುಗಿ ಎದ್ದು ಗೆರೆಯಮ್ಮನ ಎದುರಿಗೆ ಬಂದು ನಿಂತಳು. ಆ ಊರಿನಲ್ಲಿ ಗೆರೆ ಕಲಿಸುವವರಿಗೆ ಯಾರೂ ಹೇಳದ ಮೂರು ಮಾತನ್ನು ಹೇಳಿದಳು.

“ಬಾಯಿ ತೆರೆ. ಕೈ ಚಾಚು. ಕೂತ್ಕೋ.”

ಗೆರೆಯಮ್ಮ ಬಾಯಿ ತೆರೆದಳು. ಕೈ ಚಾಚಿದಳು. ಬೂದಿಯ ಮುಂದೆ ಕುಳಿತಳು.

ಅವಳಿಗೆ ಕಲಿಯಬೇಕಾಗಿದ್ದದ್ದು ಇಷ್ಟೇ: ಗೆರೆಯನ್ನು ಕೆಳಗೆ ತರುವುದು. ಆದರೆ ಅವಳ ಕೈ ಕೆಳಗೆ ಹೋಗಲೊಲ್ಲದು. ಬೆರಳಿಟ್ಟರೆ ಪಕ್ಕಕ್ಕೆ ಓಡುತ್ತಿತ್ತು, ಕಾಣದ ದಾರವೊಂದನ್ನು ಹಿಡಿದ ಹಾಗೆ. ಒತ್ತಿ ಇಳಿಸಿದರೆ ಬೆರಳು ನಿಂತುಬಿಡುತ್ತಿತ್ತು. ಎರಡು ದಿನದಲ್ಲಿ ನೂರು ಸಲ ಬರೆದಳು. ನೂರು ಅಡ್ಡಗೆರೆ. ಇರುವೆಗಳು ಬಂದವು, ಸಾಲಾಗಿ ನಡೆದವು.

ಎಲ್ಲರಿಗಿಂತ ಚಿಕ್ಕವನ ಬಳಿ ಹೋದಳು. “ನೀನು ಹೇಗಪ್ಪಾ ಬರೆದೆ?” ಅವನು ಅವಳ ಮುಖ ನೋಡಿದ, ಬೂದಿಯನ್ನು ಎರಡೂ ಕೈಯಲ್ಲಿ ಬಾಚಿ ಅವಳ ತಲೆಯ ಮೇಲೆ ಸುರಿದ, ಕೇಕೆ ಹಾಕಿದ. ಗೆರೆಯಮ್ಮ ಬೂದಿಯನ್ನು ಒರೆಸಿಕೊಳ್ಳಲಿಲ್ಲ. ನಡುವಿನ ಸಾಲಿಗೆ ಹೋದಳು. “ಮೊದಲು ಆ ಜಾಗ ನೋಡಿ” ಎಂದ ಯಜಮಾನ. ಹಳೆಯ ಗೆರೆಯಪ್ಪನಿಂದ ಬೈಸಿಕೊಂಡು ಕಲಿತದ್ದು ಅವನಿಗೆ ಇಷ್ಟು ದಿನಕ್ಕೆ ನೆನಪಾಗಿತ್ತು. “ದಾರ ಅಲ್ಲ, ಜಾಗ. ಅಲ್ಲೇನಿದೆ ಅಂತ ನೋಡಿ.” ಅವಳು ಗೋಡೆಯ ಬಳಿ ಹೋಗಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವಿನ ಸುಣ್ಣವನ್ನು ನೋಡಿದಳು. ಮೊದಲ ಸಲ ನೋಡಿದಳು. ಅದರಲ್ಲಿ ಹಳೆಯ ವರ್ಷಗಳ ಅಜ್ಜಿಯರ ಕೈಗಳು ಒಂದರ ಅಡಿಯಲ್ಲೊಂದು ಮಬ್ಬಾಗಿ ಕಾಣುತ್ತಿದ್ದವು, ಎಲ್ಲವೂ ನೆಲದ ಕಡೆಗೆ ಬರುತ್ತಿದ್ದವು.

“ಅಜ್ಜಿ, ಇವರೆಲ್ಲ ಕೈಯನ್ನ ಹೇಗೆ ಇಳಿಸಿದ್ರು?”

“ಕೈ ಇಳಿಸಲಿಲ್ಲ ಮಗಳೇ” ಎಂದಳು ಅಜ್ಜಿ. “ಅವರೇ ಇಳಿದ್ರು.”

ಗೆರೆಯಮ್ಮ ಕುಂಚ ಅದ್ದಿದಳು. ಅಜ್ಜಿ ಬಿಟ್ಟ ತುದಿಗೆ ಕುಂಚವನ್ನು ತಾಗಿಸಿ ಕೈಯನ್ನು ಅಲ್ಲೇ ಸಡಿಲ ಬಿಟ್ಟಳು. ಆಮೇಲೆ ಮೆಲ್ಲನೆ, ಬೆನ್ನು ಬಾಗಿಸಿ, ಮಂಡಿ ಮಡಿಸಿ, ಅತಿ ಮುದುಕಿಯೊಬ್ಬಳು ನೆಲಕ್ಕೆ ಕೂರುವ ಹಾಗೆ ಕೂರತೊಡಗಿದಳು. ಕೈ ಅವಳ ಹಿಂದೆಯೇ ಬಂತು. ಗೆರೆ ನಡುಗುತ್ತ, ಅತ್ತಿತ್ತ ಓಲುತ್ತ, ಅವಳ ಹಿಂದೆಯೇ ಇಳಿಯಿತು. ಅವಳ ಜೀವಮಾನದ ಅತಿ ಕೆಟ್ಟ ಗೆರೆ ಅದು. ಗೋಡೆ ಅದನ್ನು ಹಿಡಿದುಕೊಂಡಿತು. ಒಂದು ಗೇಣು.

ಆದರೆ ನಾಲ್ಕು ಬೆರಳು ಉಳಿಯಿತು.

ಈಗ ನಿಜವಾಗಿಯೂ ಯಾರೂ ಇರಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಹುಡುಗಿ ಹೆಜ್ಜೆ ಹಾಕುತ್ತ ಎಲ್ಲರನ್ನೂ ಎಣಿಸಿ ಬಂದಳು. ಬಸುರಿಯ ಬಳಿ ಬಂದಾಗ ನಿಂತಳು. ಹೊಟ್ಟೆಗೆ ಕಿವಿ ಕೊಟ್ಟಳು.

“ಇಲ್ಲೊಬ್ಬರು ಬರೆದಿಲ್ಲ” ಎಂದಳು.

“ಅದಕ್ಕೆ ಯಾವ ಸಾಲೇ?” ಎಂದ ಯಜಮಾನ. “ಹಲ್ಲು ಮೂಡದೆ ಸಾಲಿಗೆ ಬರೋ ಹಾಗಿಲ್ಲ. ಅದಕ್ಕೆ ಹಲ್ಲೇ ಇಲ್ಲ.”

“ನನಗಿದೆಯೇನೋ?” ಎಂದಳು ಅಜ್ಜಿ, ಬೊಚ್ಚುಬಾಯಿ ಅಗಲಿಸಿ ತೋರಿಸಿ. “ಹಲ್ಲಿಲ್ಲದವರ ಸಾಲು ನಮ್ಮದು. ಬಾರಮ್ಮ, ನನ್ನ ಪಕ್ಕದಲ್ಲಿ ಜಾಗ ಇದೆ.”

ಬಸುರಿಯನ್ನು ಗೋಡೆಯ ಬಳಿಗೆ ತಂದು, ಅಜ್ಜಿಯ ಪಕ್ಕದಲ್ಲಿ, ಗೋಡೆಗೆ ಹೊಟ್ಟೆ ತಾಗುವ ಹಾಗೆ ಕೂರಿಸಿದರು. ಗೆರೆಯಮ್ಮ ಕುಂಚವನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಅದರ ಕಡ್ಡಿಯನ್ನು ಹೊಟ್ಟೆಗೂ ಗೋಡೆಗೂ ನಡುವೆ ಸಿಕ್ಕಿಸಿದಳು. ನಾರು ಅವಳು ಎಳೆದ ಗೆರೆಯ ತುದಿಗೆ ತಾಗುತ್ತಿತ್ತು. ಕೈ ಬಿಟ್ಟಳು. ಮತ್ತೆ ಹಿಡಿದಳು.

“ಇದಕ್ಕೆ ಏನು ಹೇಳಿಕೊಡಲಿ ಅಜ್ಜಿ?”

“ಏನೂ ಬೇಡ.”

“ಹಾಗಾದ್ರೆ ನಾನು ಏನು ಮಾಡಲಿ?”

“ಕಾಯಿ.”

ಗೆರೆಯಮ್ಮ ಕೈ ಬಿಟ್ಟಳು. ಕಾಯ್ದಳು. ಊರು ಕಾಯ್ದಿತು. ಹಾಲುಹಲ್ಲಿನವರು ಬೆರಳು ಚೀಪುವುದನ್ನು ನಿಲ್ಲಿಸಿ ಕಾಯ್ದರು. ಗಟ್ಟಿಹಲ್ಲಿನವರು ಹಲ್ಲು ಕಚ್ಚಿ ಕಾಯ್ದರು. ಬೊಚ್ಚುಬಾಯಿಯವರು ಎಲ್ಲರಿಗಿಂತ ಚೆನ್ನಾಗಿ ಕಾಯ್ದರು, ಅವರಿಗೆ ಅಭ್ಯಾಸವಿತ್ತು. ಇಳಿಯುತ್ತ ಬಂದ ಲೆಕ್ಕದಲ್ಲಿ ಅಂದಿಗೆ ಒಂದೇ ಒದೆತ ಉಳಿದಿತ್ತು. ಆ ಒಂದು ಆಗಿಹೋಗಿದೆಯೋ ಇನ್ನೂ ಬಾಕಿ ಇದೆಯೋ ಯಾರಿಗೂ ಗೊತ್ತಿರಲಿಲ್ಲ. ಬಸುರಿ ಉಸಿರು ಬಿಗಿಹಿಡಿದು ಗೋಡೆಗೆ ಕೆನ್ನೆಯಿಟ್ಟಿದ್ದಳು. ಬೋಗುಣಿಯಲ್ಲಿ ಕೆಮ್ಮಣ್ಣು ಕೆನೆಗಟ್ಟಿತು.

ಆಗ ಒದೆಯಿತು.

ಕಡ್ಡಿ ಹಾರಿತು. ನಾರು ಜಾರಿ, ಗೋಡೆಯ ಮೇಲೆ ಕೆಳಮುಖವಾಗಿ, ಕೊಂಚ ಸೊಟ್ಟಗೆ, ಒಂದು ಕೆಂಪು ಗೆರೆ ಎಳೆದು ನೆಲಕ್ಕೆ ಬಿತ್ತು.

ಎಲ್ಲರೂ ಬಗ್ಗಿದರು. ಯಜಮಾನ ಕಣ್ಣು ಕಿರಿದು ಮಾಡಿ ನೋಡಿದ. “ಕೂಡಿಲ್ಲ” ಎಂದ. “ಒಂದು ಅಕ್ಕಿಕಾಳಿನಷ್ಟು ಉಳಿದಿದೆ.”

ನಿಜವಾಗಿ ಉಳಿದಿತ್ತು. ಗೆರೆಯ ತುದಿಗೂ ಗೆರೆಯ ಮೊದಲಿಗೂ ನಡುವೆ ಒಂದು ಅಕ್ಕಿಕಾಳು ಮಲಗುವಷ್ಟು ಬಿಳಿ.

ಗೆರೆಯಮ್ಮ ಅದನ್ನು ಮುಚ್ಚಲು ಬೆರಳು ಚಾಚಿದಳು. ಕೆಮ್ಮಣ್ಣು ಹತ್ತಿದ ಬೆರಳು. ಅರ್ಧದಲ್ಲಿ ನಿಲ್ಲಿಸಿದಳು. ಇನ್ನೊಬ್ಬರ ಗೆರೆ ಅದು. ಹಳೆಯ ಗೆರೆಯಪ್ಪನನ್ನು ಅವಳು ಕಂಡವಳಲ್ಲ, ಆದರೂ ಅವನು ಮಾಡುತ್ತಿದ್ದದ್ದನ್ನೇ ಮಾಡಿದಳು: ಗೋಡೆಗೆ ಬೆನ್ನು ತಿರುಗಿಸಿ ಕುಳಿತಳು.

ಅವಳ ಬೆನ್ನ ಹಿಂದೆ ಟಪ್ಪೆಂದು ಸಣ್ಣ ಸದ್ದಾಯಿತು. ಹುಡುಗಿಯ ಹಲ್ಲು ಅವಳ ಅಂಗೈಗೆ ಬಿದ್ದಿತ್ತು.

“ಬಿತ್ತು!” ಎಂದಳು ಹುಡುಗಿ. ಹೊಸ ಕಿಂಡಿಯಿಂದ ಗಾಳಿ ಸೋರಿ ಮಾತು ಸಿಳ್ಳೆಯಾಯಿತು. “ಬಿತ್ತು, ಬಿತ್ತು!” ಅದೇ ಹೊತ್ತಿಗೆ ಬಸುರಿ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಕ್ಕಿಕಾಳಿನಷ್ಟು ಬಿಳಿ ಹಾಗೆಯೇ ಇತ್ತು, ಆದರೂ ವರ್ಷ ತಿರುಗಿತ್ತು.

ಕೆಮ್ಮಣ್ಣು ಒಣಗುವ ಮೊದಲೇ ನಾನು ಹುಟ್ಟಿದೆ ಎಂದು ಅಮ್ಮ ಹೇಳುತ್ತಿದ್ದಳು. ಆ ಒದೆತ ನನ್ನದು. ನಾನು ಅಲ್ಲಿದ್ದೂ ನೋಡದೆ ಇದ್ದದ್ದು ಹಾಗೆ; ಹೊಟ್ಟೆಯೆಂಬ ಗೋಡೆಯ ಈಚೆಯಿಂದ ಕೇಳಿಸಿಕೊಂಡೆ, ಮಿಕ್ಕದ್ದನ್ನು ಅಮ್ಮ ತುಂಬಿದಳು. 

ಗೆರೆಯಮ್ಮ ಊರು ಬಿಡಲಿಲ್ಲ. ದಾರದ ಉಂಡೆಯಿಂದ ಒಂದು ತುಂಡು ಕತ್ತರಿಸಿ ನನಗೆ ಉಡಿದಾರ ಕಟ್ಟಿದಳಂತೆ. ಮಿಕ್ಕಿದ್ದು ಹುಟ್ಟುವ ಮಕ್ಕಳಿಗೆಲ್ಲ ಬಹಳ ವರ್ಷ ಬಂತು. ನಾನು ಹಾಲುಹಲ್ಲಿನ ಸಾಲಿಗೆ ಹೋಗುವ ಹೊತ್ತಿಗೆ ಅವಳು ನಮ್ಮ ಮುಂದೆ ಬೋಗುಣಿ ಇಟ್ಟು ಬೆನ್ನು ತಿರುಗಿಸಿ ಕೂರುವವಳು. ಅವಳ ಬೆನ್ನನ್ನು ನಾನು ಎಷ್ಟು ನೋಡಿದ್ದೇನೆಂದರೆ ಮುಖ ಅಷ್ಟಾಗಿ ನೆನಪಿಲ್ಲ. ನಡುವಿನ ಸಾಲಿಗೆ ಹೋದ ಮೇಲೆ ಮೇಕೆಯ ಕಿವಿಗಾಗಿ ಅವಳಿಂದ ಬೈಸಿಕೊಂಡೆ. ಹಿಂದಿನ ಸಾಲಿಗೆ ಹೋಗುವ ಹೊತ್ತಿಗೆ ನಾನು ಆ ಊರಲ್ಲಿರಲಿಲ್ಲ. ಆ ಪಾಠ ಒಂದು ಬಾಕಿ ಉಳಿಯಿತು, ಇಲ್ಲದ್ದನ್ನು ಬರೆಯುವುದು.

ಆ ಅಕ್ಕಿಕಾಳಿನಷ್ಟು ಜಾಗವನ್ನು ಆಮೇಲೆ ಪ್ರತಿವರ್ಷವೂ ಬಿಟ್ಟರು. ಗೆರೆ ಗುಡ್ಡದ ಹಾಗೆ ಏರಿ, ಇಳಿದು, ಅಜ್ಜಿಯರ ಜೊತೆ ನೆಲಕ್ಕೆ ಕುಳಿತು, ಹೊರಟ ಜಾಗಕ್ಕೆ ಒಂದು ಅಕ್ಕಿಕಾಳು ಮುಂಚೆ ನಿಲ್ಲುತ್ತಿತ್ತು. ಇನ್ನೂ ಬಾರದೆ ಇರುವವರಿಗೆ ಅದು. ಹಾಗೆ ಬಿಟ್ಟ ಗೆರೆಗೆ ಒಂದು ಹೆಸರಿತ್ತು. ಊರಿಗೆಲ್ಲ ಗೊತ್ತಿದ್ದ ಹೆಸರು. ನನ್ನಿಂದಲೇ ಆದದ್ದು, ನನಗೇ ಮರೆತಿದೆ.

ಮೊಮ್ಮಗಳು ಪಕ್ಕದಲ್ಲಿ ಕುಳಿತು ಇಷ್ಟೂ ಕೇಳಿದ್ದಾಳೆ. ಈ ಊರಿನ ಮಾತಿನಲ್ಲಿ ಬರೆಯುವವಳು, ನಮ್ಮ ಅಕ್ಷರಗಳನ್ನು ಈಗಷ್ಟೇ ಕಲಿಯುತ್ತಿದ್ದಾಳೆ. ಅವಳ ಬಾಯಲ್ಲೂ ಮುಂದಿನ ಹಲ್ಲೊಂದು ಹೋಗಿ ಎರಡು ದಿನವಾಯಿತು.

“ಅಜ್ಜಿ, ನಾನು ಯಾವ ಸಾಲಲ್ಲಿ ಕೂರಬೇಕಿತ್ತು?”

“ಬಾಯಿ ತೆರೆ” ಎಂದೆ. ತೆರೆದಳು. “ಕೈ ಚಾಚು.” ಚಾಚಿದಳು. ನನ್ನ ಕೈಯಲ್ಲಿದ್ದ ಪೆನ್ಸಿಲನ್ನು ಅದರಲ್ಲಿಟ್ಟೆ. “ಇಲ್ಲೇ ಕೂತ್ಕೋ, ನನ್ನ ಪಕ್ಕ. ಅದರ ಹೆಸರು ಬರೆ.”

“ನಿಂಗೇ ನೆನಪಿಲ್ವಲ್ಲ, ಹೇಗೆ ಬರೀಲಿ?”

“‘ಗೆರೆ’ ಅಂತ ಬರೆ. ಅದರ ಮುಂಚೆ ಸ್ವಲ್ಪ ಜಾಗ ಬಿಡು.”